ಬದುವಿನ ಮೇಲೆ ನಿಂತವಳು

ವರ್ಷಕ್ಕೊಮ್ಮೆ ಫೋಟೋಕ್ಕೆ ನಿಲ್ಲುವುದಷ್ಟೇ ಚನ್ನಬಸವ್ವನ ಒಕ್ಕಲುತನ. ಒಕ್ಕಲುತನ ಎಲ್ಲರಿಗೂ ಇಷ್ಟು ಹಗುರವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಉಣಕಲ್ಲಿನ ಮನೆಯಿಂದ ಮಗ ಬಸವಕಿರಣ ಆಕೆಯನ್ನು ಕಾರಿನಲ್ಲಿ ಸುಳ್ಳ ಗ್ರಾಮದ ತಮ್ಮ ಹೊಲಕ್ಕೆ ಕರೆತರುತ್ತಿದ್ದ. ಬೆಳೆಯ ನಡುವೆ ನಿಲ್ಲಿಸಿ, ಸರಕಾರದ ಬೆಳೆ ಸಮೀಕ್ಷೆಗೆಂದು ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸುತ್ತಿದ್ದ. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ದುಡಿಯುವ ಬೀರವ್ವ ಅಷ್ಟು ಹೊತ್ತು ದೂರ ಹೋಗಿ ಬದುವಿನ ಮೇಲೆ ನಿಲ್ಲುತ್ತಿದ್ದಳು. ಹಾಗೆ ನಿಲ್ಲೆಂದು ಯಾರೂ ಹೇಳಬೇಕಾಗಿರಲಿಲ್ಲ.

ಈ ಸಲ ಮಳೆ ಬಿಡುವೇ ಕೊಡಲಿಲ್ಲ. ಕೊಯ್ಲಿಗೆ ಬಂದ ಹೆಸರುಕಾಳು ಗಿಡದಲ್ಲೇ ಮೊಳಕೆಯೊಡೆದು ಕೊಳೆತಿತ್ತು. ಎರೆಹೊಲದ ಕೆಸರಿಗೆ ಇಳಿಯುತ್ತಲೇ ಚನ್ನಬಸವ್ವನ ಮೊಣಕಾಲು ಚುಳುಕ್ಕೆಂದಿತು. ಬೀರವ್ವನೇ ರಟ್ಟೆ ಹಿಡಿದು ಒಳಗೆ ನಡೆಸಿಕೊಂಡು ಹೋದಳು.

“ಯಾಕ ಬೀರವ್ವ, ಭಾಳ ಸೊರಗೀಯಲ್ಲ?”

“ಏನ್ ಹೇಳ್ಲಿ ಅವ್ವಾರ. ನಿಮ್ಮ ಲಾವಣಿ ಯುಗಾದಿಗೇ ಮುಟ್ಟಿಸೇನಿ. ಬೀಜ, ಗೊಬ್ಬರ ಎಲ್ಲಾ ನಾನ ಹಾಕೇನಿ. ಹಿಂಗಾರಿಗೆ ಕಡ್ಲಿ ಬಿತ್ತಬೇಕಂದ್ರ ಮನ್ಯಾಗ ಬೀಜಕ್ಕ ಕಾಳಿಲ್ಲ. ಬಿತ್ತಲಿಲ್ಲಂದ್ರ ವರ್ಷಾನ ಹೋತ್ರಿ.”

“ಬೀರವ್ವಾ, ಫೋಟೋದಾಗ ನಿನ್ನ ಕೈ ಕಾಣಾಕತ್ತೈತಿ. ಸ್ವಲ್ಪ ಸರಿಬೇ,” ಎಂದ ಬಸವಕಿರಣ.

ಬೀರವ್ವ ಕೈಬಿಟ್ಟು ದೂರ ಸರಿದಳು. ಚನ್ನಬಸವ್ವ ವಾಲಿದಳು. ಬೀರವ್ವ ಓಡಿ ಬಂದು ಹಿಡಿದುಕೊಂಡಳು.

“ಇಬ್ರೂ ಇರೋ ಹಂಗ ಹೊಡಿಯೋ,” ಎಂದಳು ಚನ್ನಬಸವ್ವ ಏದುಸಿರು ಬಿಡುತ್ತ.

“ತಿಳೀದಂಗ ಮಾತಾಡಬ್ಯಾಡ ಯವ್ವಾ. ಹೊಲದ ಉತಾರ ನಿನ್ನ ಹೆಸರಿನ್ಯಾಗ ಐತಿ, ಬೆಳಿ ಹೋದ ಪರಿಹಾರ ನಿನ್ನ ಖಾತಿಗೆ ಬರ್ತೈತಿ. ಇಕಿ ಫೋಟೋದಾಗ ಬಂದು, ನಾಳೆ ಹೊಲಾನ ನಂದು ಅಂದ್ರ? ಅಪ್ಪ ಸಾಯೂ ತನಕಾ ಇದಕ್ಕ ಹೆದರತಿದ್ದ.”

ಬೀರವ್ವನಿಗೆ ಜಗಳಾಡುವ ತ್ರಾಣವೂ ಇರಲಿಲ್ಲ. “ನಿಮ್ಮ ಹೊಲ ನನಗ್ಯಾಕ್ರಿ ಸಾವಕಾರ್ರ? ಹೋದ ಬೆಳಿ ನಂದಿತ್ತು, ಅಷ್ಟ.”

ಕಡೆಗೆ ಬಸವಕಿರಣ ಕಾರಿನಿಂದ ಕೊಡೆ ತಂದುಕೊಟ್ಟ. ಚನ್ನಬಸವ್ವ ಅದನ್ನೇ ಊರಿಕೊಂಡು ಒಬ್ಬಳೇ ನಿಂತಳು. ಬೀರವ್ವ ಬದುವಿಗೆ ಹೋದಳು. ಮನೆಗೆ ಹೋಗುವಾಗ ಚನ್ನಬಸವ್ವ ಫೋಟೋ ನೋಡಿದಳು; ಬೆಳೆ ಕಳೆದುಕೊಂಡು ಸೋತ ಒಕ್ಕಲಗಿತ್ತಿಯ ಹಾಗೆಯೇ ಕಾಣುತ್ತಿದ್ದಳು. ತನ್ನ ಮುಖ ನೋಡಿ ಆಕೆಗೇ ನಾಚಿಕೆಯಾಯಿತು.

ಸೀಗಿ ಹುಣ್ಣಿಮೆಯ ಮುಂಚೆ ಪರಿಹಾರ ಜಮೆಯಾಯಿತು.

“ಛಲೋ ಆತು. ಮನಿಗೆ ಬಣ್ಣಾ ಹಚ್ಚಸೂಣು,” ಎಂದ ಬಸವಕಿರಣ.

“ನಂದು ಯಾವ ಬೆಳಿ ಹೋಗಿತ್ತೋ ಕಿರಣಾ?”

ಅವನು ಮೊಬೈಲಿನಲ್ಲಿ ಆ ಫೋಟೋ ತೆಗೆದು ನೋಡಿದ. ಮರುದಿನ ಬೆಳಿಗ್ಗೆ ತಾನಾಗಿಯೇ ತಾಯಿಯನ್ನು ಬ್ಯಾಂಕಿಗೆ ಕರೆದೊಯ್ದ. ಅಲ್ಲಿಂದ ಕಾರನ್ನು ಸುಳ್ಳದ ಕಡೆ ತಿರುಗಿಸಿದ.

ಬೀರವ್ವ ಹೊಲದಲ್ಲಿ ಕಸ ಆರಿಸುತ್ತಿದ್ದಳು. ಕಾರು ಕಂಡದ್ದೇ ತಡ, ಕೈ ಕೊಡವಿಕೊಂಡು ಬದುವಿನ ಮೇಲೆ ಹೋಗಿ ನಿಂತಳು.

“ಮತ್ತ ಫೋಟೋ ಏನ್ರಿ ಅವ್ವಾರ?”

ಚನ್ನಬಸವ್ವ ಕಾರಿನಿಂದ ಇಳಿದಳು. “ಫೋಟೋ ಅಲ್ಲ. ನಿನ್ನ ರೊಕ್ಕ ತಂದೇನಿ. ಕಡ್ಲಿ ಬಿತ್ತು. ಬಾ, ನನ್ನ ಕೈ ಹಿಡಿ.”

ಬೀರವ್ವ ಕೂಡಲೇ ಕದಲಲಿಲ್ಲ. ಬಸವಕಿರಣನ ಮುಖ ನೋಡುತ್ತ ನಿಂತಳು. ಅವನು ಮೊಬೈಲನ್ನು ಕಾರಿನ ಸೀಟಿನ ಮೇಲೆ ಹಾಕಿ ಬಾಗಿಲು ಮುಚ್ಚಿದ.

“ಇಳದ ಬಾ ಬೇ,” ಎಂದ. “ಯವ್ವ ಬಿದ್ದಾಳು.”