ತಗಡಿನ ಬಾಗಿಲ ಮೇಲಿನ ಕೈ

ಪಕ್ಕದ ಕೋಣೆಯಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದಾರೆ, ಅಲ್ಲ, ಟೈಪ್ ಮಾಡುತ್ತಿದ್ದಾರೆ, ಇದು ಹಿಮಾಯತ್‌ನಗರದ ವಕೀಲರ ಆಫೀಸು, ಇಲ್ಲಿ ರೊಟ್ಟಿ ಎಲ್ಲಿಂದ ಬರಬೇಕು, ಸುಭದ್ರಾ ಸೆರಗು ಸರಿಪಡಿಸಿಕೊಂಡಳು, ಆದರೂ ಎರಡು ಏಟು ಜೋರು, ಒಂದು ಮೆತ್ತಗೆ, ಮತ್ತೆ ಎರಡು ಜೋರು — ಶಂಕ್ರಮ್ಮ ಹಾಗೆಯೇ ಬಡಿಯುತ್ತಿದ್ದಳು, ತನ್ನ ರೊಟ್ಟಿ ಶೆಡ್ಡಿನ ಐದು ಹೆಂಗಸರಲ್ಲಿ ಅವಳ ಸದ್ದು ಮಾತ್ರ ಬೇರೆ, ಸೇಡಂ ಕಡೆಯ ಕಲ್ಲಿನ ಖಣಿಯಲ್ಲಿ ಬಲಗೈಯ ಉಂಗುರದ ಬೆರಳು ಅರ್ಧ ಹೋಗಿತ್ತು. ಸಹಿ ಮಾಡ್ರಿ ಅಕ್ಕಾ, ಭೀಮಾಶಂಕರ ವಕೀಲರು ಕಾಗದ ಮುಂದೆ ಸರಿಸಿದರು, ಒಂದ ಮಾತು ಐತಿ ಇದರಾಗ, ಆ ಶುಕ್ರವಾರ ರೊಕ್ಕ ಒಯ್ಯಾಕ ಲಿಂಗಣ್ಣನ ಮನಿಷ್ಯಾ ನಿಮ್ಮ ಬಾಗಲಕ್ಕ ಬರಲೇ ಇಲ್ಲ ಅಂತ, ತಪ್ಪು ಅವಂದಾಗತೈತಿ, ಅವ ಕೇಳಿದ ತೊಂಬತ್ತು ಸಾವಿರದ್ದು ಮಾತೇ ಇಲ್ಲ. ತೊಂಬತ್ತು ಸಾವಿರ. ಅಷ್ಟು ಕೊಡಬೇಕೆಂದರೆ ನಾರಾಯಣಗೂಡದ ಶೆಡ್ಡು ಹೋಗುತ್ತದೆ, ವಿಜಯಶ್ರೀಯ ಕಾಲೇಜು ಹೋಗುತ್ತದೆ, ಮುಂಜಾನೆ ಜಡೆ ಹೆಣೆಸಿಕೊಳ್ಳುತ್ತ ಮಗಳು ಫೀಜಿನ ಚೀಟಿಯನ್ನು ಪುಸ್ತಕದೊಳಗೆ ತಳ್ಳಿದಳು.

ಆದರೆ ಲಿಂಗಣ್ಣನ ಆಳು ಬಂದಿದ್ದ. ತಾಂಡೂರಿನ ಲಿಂಗಣ್ಣ ಜೋಳ ಕಳಿಸಬೇಕು, ಇವಳು ಎರಡು ವಾರಕ್ಕೊಮ್ಮೆ ಶುಕ್ರವಾರ ಹಣ ಕೊಡಬೇಕು, ತಡವಾದರೆ ಜೋಳ ಬಂದ್, ಆದ ನಷ್ಟವೂ ಇವಳದೇ, ಕರಾರಿಗೆ ಸಹಿ ಹಾಕುವಾಗ ವಾರ ಯಾವುದೆಂದು ಯೋಚಿಸಿದ್ದಳೇ, ಮಾಧಾಪುರದ ಗಾಜಿನ ಕಟ್ಟಡದ ಕ್ಯಾಂಟೀನಿಗೆ ದಿನಕ್ಕೆ ಎಂಟುನೂರು ರೊಟ್ಟಿ, ಅದೊಂದೇ ಕಣ್ಣ ಮುಂದೆ. ಹಣಕ್ಕೆ ಪ್ರತಿಸಲ ಹಗಲಲ್ಲೇ ಬರುತ್ತಿದ್ದ ಆ ಆಳು ಆ ದಿನ ನಾಂಪಲ್ಲಿಯ ಜಾತ್ರೆಯಂಥ ಎಕ್ಸಿಬಿಷನ್ ಗದ್ದಲದಲ್ಲಿ ಸಿಕ್ಕಿ ಸಂಜೆ ಬಂದ, ದೇವರ ಮುಂದೆ ದೀಪ ಹಚ್ಚಿಯಾಗಿತ್ತು, ಶಂಕ್ರಮ್ಮ ಹಿಟ್ಟಿನ ಕೈಯಲ್ಲೇ ತಗಡಿನ ಬಾಗಿಲು ದೂಡಿ ತೆರೆದಳು. ಶುಕ್ರವಾರ ದೀಪ ಹಚ್ಚಿದ ಮ್ಯಾಲೆ ಲಕ್ಷ್ಮೀನ್ನ ಹೊರಗ ಕಳಸಬಾರದಪ್ಪಾ, ನಾಳೆ ಮುಂಜಾನೆ ಬಾ, ಸುಭದ್ರಾ ಅಂದಳು. ಸಾಹುಕಾರ್ರು ಕೇಳೂದಿಲ್ರಿ ಅಕ್ಕಾ, ಲಾರಿ ನಿಂತೈತಿ. ಕೊಟ್ಟು ಕಳಸ್ರಿ ಅಕ್ಕೋರ, ಶಂಕ್ರಮ್ಮ ನಕ್ಕಳು, ಲಕ್ಷ್ಮಿ ಏನು ವಿಮಾನ ಹತ್ತಿ ಹೊಂಟಾಳೇನು, ತಾಂಡೂರಿಗೆ ಹೋಗಿ ತಿರುಗಿ ಇಲ್ಲೇ ಬರ್ತಾಳ. ಸುಭದ್ರಾ ಕೊಡಲಿಲ್ಲ. ಹಣ ದೇವರ ಮುಂದೆಯೇ ಇತ್ತು, ಕುಂಕುಮ ಹಚ್ಚಿ ಇಟ್ಟಿದ್ದಳು. ಲಿಂಗಣ್ಣ ಲಾರಿ ತಿರುಗಿಸಿ ಜೋಳವನ್ನು ಕಮ್ಮಿ ರೇಟಿಗೆ ಮಾರಿದ, ಆ ನಷ್ಟ ತೊಂಬತ್ತು ಸಾವಿರ ಎಂದು ನೋಟೀಸು ಕಳಿಸಿದ, ಮೂರು ದಿನ ರೊಟ್ಟಿ ಹೋಗದ್ದಕ್ಕೆ ಕ್ಯಾಂಟೀನಿನವರು ಬೇರೆಯವರನ್ನು ಹಿಡಿದರು, ಐದೂ ಹೆಂಗಸರಿಗೆ ಕೆಲಸ ಇಲ್ಲದಾಯಿತು, ಶಂಕ್ರಮ್ಮ ಮಾಧಾಪುರದಲ್ಲೇ ಮತ್ತೊಂದು ಗಾಜಿನ ಕಟ್ಟಡಕ್ಕೆ ಉಸುಕು ಹೊರಲು ಹೋದಳು, ಹದಿನಾಲ್ಕನೆಯ ದಿನ ಐದನೆಯ ಮಹಡಿಯಿಂದ —

ಶೆಡ್ಡಿನ ಬಾಗಿಲ ಮೇಲೆ ಶಂಕ್ರಮ್ಮನ ಅಂಗೈ ಉಳಿದಿದೆ, ಹಿಟ್ಟಿನದು, ನಾಲ್ಕೂವರೆ ಬೆರಳು. ಸುಭದ್ರಾ ಒದ್ದೆ ಬಟ್ಟೆಯಿಂದ ಒರೆಸಿದಳು, ಹೋಯಿತು, ಒಣಗಿದ ಮೇಲೆ ಬಂತು, ಸೀಮೆಎಣ್ಣೆ ಹಾಕಿ ತಿಕ್ಕಿದಳು, ಮರುದಿನ ಇನ್ನೂ ಬೆಳ್ಳಗೆ ಬಂತು, ಜಂಗಿನ ಕಲೆ ಇದ್ದೀತು ಅವ್ವಾ ಎಂದಳು ವಿಜಯಶ್ರೀ, ಹೌದು, ತುಕ್ಕೇ, ಜಂಗೇ, ಮತ್ತೆ ತಾನೇಕೆ ಬಾಗಿಲಿಗೆ ಬೆನ್ನು ಹಾಕಿ ಕೂಡುವುದಿಲ್ಲ.

ಅವ ಬಂದದ್ದು ನೋಡಿದವ್ರು ಯಾರರ ಅದಾರೇನ್ರಿ, ಬಾಗಲಾ ತೆಗೆದವ್ರು, ವಕೀಲರು ಕೇಳಿದರು. ಇಲ್ರಿ, ಈಗ ಯಾರೂ ಇಲ್ಲ. ಮುಗೀತಲ್ಲ ಹಂಗಾರ, ಹಾಕ್ರಿ. ವಕೀಲರು ಬರೆದ ಅವಳ ನಷ್ಟದ ಪಟ್ಟಿಯಲ್ಲಿ ಒಲೆ ಇದೆ, ಬಾಡಿಗೆ ಇದೆ, ಕೆಟ್ಟ ಹಿಟ್ಟಿದೆ, ಮನುಷ್ಯರ ಹೆಸರು ಬರೆಯುವ ಅಂಕಣವೇ ಅದರಲ್ಲಿಲ್ಲ, ಮಗಳ ಜಡೆ, ಮಗಳ ಫೀಜು, ಒಂದೇ ಸಹಿ, ಫ್ಯಾನಿನ ಗಾಳಿಗೆ ಕಾಗದ ಏಳುತ್ತದೆ, ಎಡಗೈ ಒತ್ತಿ ಹಿಡಿದಳು, ಬರೆದಳು, ಸು, ಭ — ಪಕ್ಕದ ಕೋಣೆಯ ಸದ್ದು ನಿಂತಿತು, ಟೈಪಿನವ ಚಹಾ ಕುಡಿಯಲು ಇಳಿದಿರಬೇಕು, ವಕೀಲರೂ ಹಾಗೆಯೇ ಅಂದರು, ಆದರೆ ಈಗ ಸದ್ದು ಇನ್ನೂ ಹತ್ತಿರ, ಎರಡು ಜೋರು, ಒಂದು ಮೆತ್ತಗೆ, ಮೇಜಿನ ಕೆಳಗೆ, ಅವಳದೇ ಎದೆಯಲ್ಲಿ, ಏನಾತ್ರಿ ಅಕ್ಕಾ, ಏನಿಲ್ಲ, ಬೆವರು, ಒರೆಸಿಕೊಳ್ಳಲೆಂದು ಕಾಗದದ ಮೇಲಿಂದ ಕೈ ಎತ್ತಿದಳು, ಒದ್ದೆಯ ಗುರುತು ಉಳಿದಿತ್ತು, ತನ್ನದೇ ಅಂಗೈ, ತನ್ನದೇ, ಹೆಬ್ಬೆರಳು, ತೋರುಬೆರಳು, ನಡುಬೆರಳು, ಕಿರುಬೆರಳು — ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು, ನಾಲ್ಕೂವರೆ, ಮತ್ತೆ ಎಣಿಸಿದಳು, ನಾಲ್ಕೂವರೆ.