ಒಂಬತ್ತು ಗಂಟೆಯ ಮಾತ್ರೆ

ಚಟ್ ಎಂದು ಹಾಳೆ ಒಡೆದು ಮಾತ್ರೆ ಅಂಗೈಗೆ ಬಿತ್ತು, ಅದೇ ಹೊತ್ತಿಗೆ ನಡುಮನೆಯಲ್ಲಿ ಇಬ್ಬರ ಮಾತು, ಗುಸುಗುಸು, ಒಂದು ದನಿ ಹೆಂಡತಿಯದು, ಇನ್ನೊಂದು ಅವಳ ನೆಂಟ ಕೊಕ್ಕರೆಯದು — ಕೊಟ್ಟೋನು ಈರಭದ್ರ, ಇಸ್ಕೊಂಡೋಳು ಮಹಾರಾಣಿ, ಮಾತ್ರೆ ತಿನ್ಸೋನು ಕೋಡಂಗಿ, ಎಂದು ಅವನು ಅಡುಗೆಮನೆಯ ಗೋಡೆಗೆ ಗಾದೆ ಹೇಳಿದ, ಹಳೆಯ ಗಾದೆ ಹೀಗಿಲ್ಲ, ಇರಲಿ, ಅದನ್ನು ಕಟ್ಟಿದವನ ಮನೆಯಲ್ಲಿ ಯಾರೂ ಲಿವರ್ ದಾನ ಮಾಡಿರಲಿಲ್ಲ, ಇದಾದರೋ ಕಟ್ಟುಕಥೆಯಲ್ಲ, ಆಣೆಗೂ ನಡೆದದ್ದು, ನಡೆಯುತ್ತಲೇ ಇರುವುದು: ಅವನ ಹೆಂಡತಿಯ ಮೈಯೊಳಗೆ ಮೂರು ತಿಂಗಳಿಂದ ಇನ್ನೊಬ್ಬ ಗಂಡಸು ಬಿಡಾರ ಹೂಡಿದ್ದಾನೆ, ಅವಳ ಮೈಯ ಕಾವಲು ಪಡೆ ಅವನನ್ನು ಗುರುತು ಹಿಡಿದು ಒದ್ದೋಡಿಸದಂತೆ ಬೆಳಿಗ್ಗೆ ಒಂಬತ್ತಕ್ಕೆ, ಮತ್ತೆ ರಾತ್ರಿ ಒಂಬತ್ತಕ್ಕೆ, ಆ ಪಡೆಗೆ ಜೋಗುಳ ಹಾಡಿ ಮಲಗಿಸುವ ಉದ್ಯೋಗ ಕಟ್ಟಿಕೊಂಡ ಗಂಡನದೇ. ಕಳ್ಳನಿಗೆ ದೀಪ ಹಿಡಿಯುವುದು ಅಂದರೆ ಇದು. ಇನ್ನೂ ಆರು ನಿಮಿಷವಿದೆ, ಡಾಕ್ಟರು ಹೇಳಿದ್ದಾರೆ, ಹೊತ್ತು ಆಚೀಚೆ ಆಗಬಾರದು, ಗಡಿಯಾರದ ಮುಂದೆ ನಿಂತಿದ್ದಾನೆ, ಇಪ್ಪತ್ತು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು ತಡವಾಗಿ ಬರುವ ಗಾಡಿಗಳ ಪರವಾಗಿ ಕ್ಷಮೆ ಕೇಳಿದವನು ಈಗ ಒಂದು ಮಾತ್ರೆಯನ್ನು ನಿಮಿಷ ತಪ್ಪದೆ ಓಡಿಸುತ್ತಿದ್ದಾನೆ.

ಕೊಕ್ಕರೆ ಅವಳ ಸೋದರತ್ತೆಯ ಮಗ, ಲಿಫ್ಟ್ ರಿಪೇರಿ ಮಾಡುವವನು, ಆರಡಿಗೂ ಮೇಲೆ, ಅದರಲ್ಲಿ ಒಂದಡಿ ಬರೀ ಕತ್ತು, ಹೆಸರಿಟ್ಟವಳು ಅವಳೇ, ಫ್ರಾಕು ಹಾಕುವ ವಯಸ್ಸಿನಲ್ಲಿ, ಆಗಲೇ ದೊಡ್ಡವರು ಇವರಿಬ್ಬರಿಗೂ ಗಂಟು ಹಾಕೋಣ ಅಂತ ನಗಾಡುತ್ತಿದ್ದರಂತೆ, ಗಂಟು ಬೀಳಲಿಲ್ಲ, ಈಗ ನೋಡು, ಹೊಲಿಗೆಯೇ ಬಿದ್ದಿದೆ. ಅಣ್ಣ ಅಣ್ಣ ಅಂತಾನೆ ಬೇರೆ, ಅಣ್ಣ, ನೀವ್ ಯಾಕೆ ಬೇಜಾರ್ ಮಾಡ್ಕೋತೀರ, ನಂದಾದ್ರೇನು ನಿಮ್ದಾದ್ರೇನು — ಏನಾದ್ರೇನು? ಮೊದಲು ಪರೀಕ್ಷೆಗೆ ಮಲಗಿದವನು ಗಂಡನಾದ ಇವನು, ಎಷ್ಟು ಬೇಕೋ ಅಷ್ಟು ಕುಯ್ಕೊಳ್ಳಿ ಡಾಕ್ಟ್ರೇ ಅಂದವನು ಇವನು, ರಕ್ತವೂ ಹೊಂದಿತ್ತು, ಆ ತಣ್ಣನೆಯ ಯಂತ್ರದೊಳಗೆ ಇಪ್ಪತ್ತು ನಿಮಿಷ ಮಲಗಿ ಮದುವೆಯ ದಿನಕ್ಕಿಂತ ಸುಖವಾಗಿದ್ದ, ಆಮೇಲೆ ಡಾಕ್ಟರು ಗಂಟಲು ಸರಿಮಾಡಿಕೊಂಡರು, ಹ್ಞಾಂ, ಗಾಬರಿ ಬೇಡ, ಆದ್ರೆ ನಿಮ್ಮ ಲಿವರ್ ತುಂಬಾ ಕೊಬ್ಬಿದೆ, ಅಲ್ವಾ. ಹೊರಗೆ ಬಂದು ಹೆಂಡತಿಗೆ ಅದೇ ದನಿಯಲ್ಲಿ ನಕಲು ಮಾಡಿ ತೋರಿಸಿದ, ಅವಳ ಹಳದಿ ಕಣ್ಣು ಒಂದು ಕ್ಷಣ ನಕ್ಕಿತು, ಅವನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ. ಕೊಕ್ಕರೆಯ ಲಿವರಿನಲ್ಲಿ ಕೊಬ್ಬಿಲ್ಲ, ಕೊಕ್ಕರೆಗೆ ಎಲ್ಲಿಯ ಕೊಬ್ಬು, ಅರ್ಧಕ್ಕಿಂತ ಹೆಚ್ಚು ಕೊಟ್ಟ, ಉಳಿದದ್ದು ಅವನೊಳಗೂ ಬೆಳೆಯಿತು, ಕೊಟ್ಟದ್ದು ಇವಳೊಳಗೂ ಬೆಳೆಯಿತು. ಹೇಗೆ ಬೆಳೆಯುತ್ತೆ ಡಾಕ್ಟ್ರೇ? ಲಿವರಿನೊಳಗೇ ಕಾವಲಿನವರು ಇರ್ತಾರೆ ಅಂದುಕೊಳ್ಳಿ, ಕಸ ತಿನ್ನೋರು, ಕ್ರಿಮಿ ತಿನ್ನೋರು, ಕತ್ತರಿ ಬಿದ್ದ ಕೂಡಲೇ ಅವರು ಕೂಗು ಹಾಕ್ತಾರೆ, ಆ ಕೂಗಿಗೇ ನೋಡಿ, ಸುಮ್ಮನೆ ಬಿದ್ದಿದ್ದ ಜೀವಕೋಶ ಎದ್ದು ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ, ಅಳತೆಗೆ ಬಂದ ಮೇಲೆ ಸಾಕು ಅಂತ ನಿಲ್ಲುತ್ತೆ. ಆ ಕಾವಲಿನವರು ಯಾರ ಕಡೆಯವರು ಡಾಕ್ಟ್ರೇ? ಮೊದಮೊದಲು ಕೊಟ್ಟವರ ಕಡೆಯವರು, ತುಂಡಿನ ಜೊತೆಗೇ ಬಂದವರು, ಬರ್ತಾ ಬರ್ತಾ ನಿಮ್ಮ ಮನೆಯವರ ಮೂಳೆಯ ಮಜ್ಜೆಯಲ್ಲಿ ಹುಟ್ಟಿದವರು ಹೋಗಿ ಆ ಜಾಗ ಹಿಡೀತಾರೆ. ಅಬ್ಬ! ಅಂದು ಇಡೀ ದಿನ ಎರಡು ಗಂಟೆ ತಡವಾದ ಗಾಡಿಯನ್ನೂ ಗಂಡುಮಗು ಹುಟ್ಟಿದ ಸುದ್ದಿಯ ಹಾಗೆ ಸಾರಿದ್ದ, ಕೊಕ್ಕರೆಯ ಕಾವಲಿನವರು ಒಬ್ಬೊಬ್ಬರೇ ಗಂಟುಮೂಟೆ ಕಟ್ಟುತ್ತಿದ್ದಾರೆ — ಆದರೆ ಜೀವಕೋಶ? ಅದು ಅವನದೇ, ಅಲ್ವಾ, ಕೊನೆಯವರೆಗೂ. ಲಿವರಿಗೆ ಸಾಕು ಅನ್ನುವುದು ಗೊತ್ತು, ಹೊಟ್ಟೆಕಿಚ್ಚಿಗೆ ಗೊತ್ತಿಲ್ಲ. ಒಂದೇ ಒಂದು ಹೊತ್ತು ಮಾತ್ರೆ ತಪ್ಪಿದರೆ — ಥೂ, ಬಾಯಿಗೆ ಹುಳ ಬೀಳ, ಮುಷ್ಟಿ ಬಿಗಿಹಿಡಿದ, ಮತ್ತೆ ತೆರೆದು ನೋಡಿದ, ಇದೆ, ಮಾತ್ರೆ ಇದೆ.

ಇನ್ನು ಮೂರು ನಿಮಿಷ. ಕೊಕ್ಕರೆಯ ಬಾಯಲ್ಲಿ ಒಂದೇ ಒಂದು ಸಲ ಹೇಳಿಸಬೇಕು, ಕೊಟ್ಟದ್ದು ವಾಪಸ್ ಕೊಡಿ ಅಂತ, ಅಷ್ಟು ಕೇಳಿಬಿಟ್ಟರೆ ಇವನ ಜೀವಕ್ಕೆ ತಂಪು — ಸ್ಟೇಷನ್ನಿನ ಕೆಲಸದ ಫೋನು ಜೇಬಿನಲ್ಲಿದೆ, ಆ ನಂಬರು ಕೊಕ್ಕರೆಗೆ ಗೊತ್ತಿಲ್ಲ, ಒತ್ತಿದ, ಗೋಡೆಯಾಚೆ ರಿಂಗಾಯಿತು, ಗಂಟಲು ಸರಿಮಾಡಿಕೊಂಡ, ಡಾಕ್ಟರು ತಾವೇ ಗಂಟಲಿನೊಳಗೆ ಬಂದು ಕೂತರು: ಹ್ಞಾಂ, ಗಾಬರಿ ಬೇಡ, ಆದ್ರೆ ಗಾಬರಿ ಆಗೋ ವಿಷಯ, ಅಲ್ವಾ, ನಿಮ್ಮೊಳಗೆ ಉಳಿದದ್ದು ಬೆಳೀತಾ ಇಲ್ಲ, ಕೊಟ್ಟದ್ರಲ್ಲಿ ಅರ್ಧ ಅವರಿಂದ ವಾಪಸ್ ತೆಗೀಬೇಕಾಗಬಹುದು, ಏನಂತೀರ? ಹೇಳು, ಹೇಳೋ ಕೊಕ್ಕರೆ. ಫೋನಿನಲ್ಲಿ ಒಮ್ಮೆ, ಗೋಡೆಯಲ್ಲಿ ಒಮ್ಮೆ, ಅದೇ ದನಿ ಎರಡೆರಡು ಸಲ ಬಂತು: ನಂದು ಹಾಳಾಗ್ಲಿ ಬಿಡಿ ಡಾಕ್ಟ್ರೇ, ಅವಳದನ್ನ ಮುಟ್ಬೇಡಿ, ಆಮೇಲೆ ಇನ್ನೊಂದು, ಅಣ್ಣಂಗೆ ಮಾತ್ರ ಹೇಳ್ಬೇಡಿ, ಪಾಪ, ಅವಳ ಮಾತ್ರೆ ಹೊತ್ತು ತಪ್ಪತ್ತೆ ಅಂತ ಊಟ ನಿದ್ದೆ ಬಿಟ್ಟು ಗಡಿಯಾರ ಕಾಯ್ತಾ ಇದಾರೆ. ಗಂಟಲಿನಿಂದ ಡಾಕ್ಟರು ಇಳಿದು ಹೋದರು. ಏನಾದರೂ ಹೇಳಬೇಕು, ಬಾಯಿ ತೆರೆದರೆ ಇಪ್ಪತ್ತು ವರ್ಷದ ರೂಢಿ, ಪ್ರಯಾಣಿಕರ ಗಮನಕ್ಕೆ, ಅಂದುಬಿಟ್ಟ, ಗೋಡೆಯಾಚೆಗೂ ಕೇಳುವಂತೆ.

ರೀ, ಆ ಡಾಕ್ಟ್ರಿಗೆ ಹೇಳಿ, ಒಂಬತ್ತಾಯ್ತು, ಮಾತ್ರೆ ತಗೊಂಡು ಹೊರಗೆ ಬರ್ಲಿ — ಹೆಂಡತಿ ಕೂಗಿದಳು, ಹೋದ, ಒಂದು ಕೈಯಲ್ಲಿ ನೀರು, ಒಂದು ಕೈಯಲ್ಲಿ ಮಾತ್ರೆ, ಅವಳು ನುಂಗಿದಳು, ನುಂಗುವಷ್ಟರಲ್ಲೇ ನಗು ಒತ್ತರಿಸಿಕೊಂಡು ಬಂತು, ಕೊಕ್ಕರೆ ಮಾತ್ರ ಮಿಕಿಮಿಕಿ ನೋಡಿದ, ಫೋನು ನೋಡಿದ, ಅಣ್ಣನ ಮುಖ ನೋಡಿದ, ಆಮೇಲೆ ಆ ಉದ್ದ ಕತ್ತು ಹಿಂದಕ್ಕೆ ಚೆಲ್ಲಿ ನಕ್ಕ ನೋಡಿ, ಕಿಟಕಿಯ ಗಾಜು ನಡುಗುವಂತೆ, ಅವಳ ನಗುವನ್ನೂ ಮುಳುಗಿಸುವಂತೆ, ಅಣ್ಣ, ಸಾಕು, ಅಯ್ಯೋ, ಹೊಲಿಗೆ ಬಿಚ್ಚತ್ತೆ, ಅನ್ನುತ್ತಾ ಬಲಗೈಯನ್ನು ಪಕ್ಕೆಯ ಕೆಳಗೆ ಒತ್ತಿ ಹಿಡಿದ, ಅವಳೂ ಹಿಡಿದಿದ್ದಳು, ಅದೇ ಕೈ, ಅದೇ ಪಕ್ಕೆಯ ಕೆಳಗೆ, ಗಂಡನೂ ನಗಲು ಹೊರಟ, ನಕ್ಕ, ಅವನ ಕೈಯೂ ತಾನಾಗಿ ಅಲ್ಲಿಗೇ ಹೋಯಿತು, ಒತ್ತಿ ನೋಡಿದ, ಇನ್ನೊಮ್ಮೆ ಒತ್ತಿದ, ಏನೂ ನೋಯಲಿಲ್ಲ — ಎದುರಿಗೆ ಎರಡು ಕೈ, ಒಂದೇ ಜಾಗ, ಕೊಕ್ಕರೆ ಇನ್ನೂ ನಗುತ್ತಿದ್ದಾನೆ, ಎರಡು ಕೈ, ಒಂದೇ ಜಾಗ