ಸೇತ್ ಬಚ್ಚಿಟ್ಟ ಹುಣ್ಣು

ನನ್ನ ಗಂಡ ಸೇತ್ ಆಗ್ಡನ್ ಓಲ್ಡಮ್ ಊರಿನ ನೂಲುಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಬರಿಗಾಲಲ್ಲಿ ದುಡಿದವನು. ಕಡಿದ ಎಳೆ ಜೋಡಿಸಲು ದಿನಕ್ಕೆ ಸಾವಿರ ಸಲ ಯಂತ್ರದ ಅಡ್ಡಪಟ್ಟಿಯ ಮೇಲೆ ಬಾಗಬೇಕು. ಕದಿರುಗಳಿಂದ ಸಿಡಿಯುವ ಎಣ್ಣೆಗೆ ಷರಾಯಿಯ ಮುಂಭಾಗ ಸದಾ ತೊಯ್ದಿರುತ್ತಿತ್ತು. ಸೋಡ ಹಾಕಿ ಎಷ್ಟು ಕುದಿಸಿದರೂ ಜಿಡ್ಡು ಬಿಡುತ್ತಿರಲಿಲ್ಲ. ಒಗೆಯುವವಳೂ ನಾನೇ, ಬೈಯುವವಳೂ ನಾನೇ.

ಆ ವರ್ಷ ಈಸ್ಟರ್ ಕಳೆದ ಮೇಲೆ ಅವನು ನನ್ನನ್ನು ಮುಟ್ಟುವುದನ್ನೇ ಬಿಟ್ಟ. ಸ್ನಾನಕ್ಕಿಳಿದರೆ ಬಾಗಿಲಿಗೆ ಚಿಲಕ. ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ. ನನಗಾಗ ಮೂವತ್ತೆಂಟು. ಪಕ್ಕದಲ್ಲೇ ಮಲಗಿದ ಗಂಡನಿಗಾಗಿ ಹಂಬಲಿಸುತ್ತಿದ್ದೇನೆಂದು ಯಾರ ಮುಂದೆ ಹೇಳಲಿ?

"ಯಾರೋ ಅವಳು?" ಎಂದು ಒಂದು ದಿನ ಕೇಳಿಯೇಬಿಟ್ಟೆ. "ಚಾಪೆಲ್‌ನಲ್ಲಿ ಹಾಡ್ತಾಳಲ್ಲ, ಆ ಕೆಂಪು ಕೂದಲಿನವಳಾ?"

"ನಿನ್ ತಲೆ. ಸುಮ್ನೆ ಬಿದ್ಕೊ, ಕ್ಲಾರಾ."

ಆಗಸ್ಟಿನ ಒಂದು ಭಾನುವಾರ ಅವನೂ ಗಿರಣಿಯಲ್ಲಿ ಅವನ ಜೊತೆ ನೂಲುವ ಅಮೋಸನೂ ಹಿತ್ತಿಲಲ್ಲಿ ನಿಂತು ಪಿಸುಗುಡುತ್ತಿದ್ದರು. ನಾನು ಅಡುಗೆಮನೆಯಲ್ಲಿದ್ದರೂ ಕಿಟಕಿ ಮುಚ್ಚಿದೆ, ಅಷ್ಟು ಸಾಕು ಎಂದುಕೊಂಡಿದ್ದ ಪುಣ್ಯಾತ್ಮ. ಕಟ್ಟಿಕೊಂಡವಳು ನೇಯುವವಳೆಂಬುದೇ ಮರೆತಿತ್ತು. ಮಗ್ಗಗಳ ಗದ್ದಲದಲ್ಲಿ ನಾವು ಹೆಂಗಸರು ದನಿಯಿಲ್ಲದೆ ಬರೀ ತುಟಿಯಲ್ಲಿ ಮಾತಾಡುತ್ತೇವೆ. ಮೂವತ್ತು ಮಾರು ದೂರದ ಚಾಡಿಯೂ ನಮಗೆ ತಿಳಿಯುತ್ತದೆ.

"ಈಸ್ಟರಿಂದ ಇದೆ ಕಣೋ," ಎನ್ನುತ್ತಿದ್ದವು ಸೇತ್‌ನ ತುಟಿಗಳು. "ಕೆಳಗೆ, ಬೀಜದ್ ಚೀಲದ ಮೇಲೆ. ಮೊದ್ಲು ಬಟಾಣಿಯಷ್ಟಿತ್ತು, ಈಗ ಒಡೆದು ಹುಣ್ಣಾಗಿದೆ. ಡಾಕ್ಟರ್ ಮುಂದೆ ಹೆಂಗ್ ಬಿಚ್ಲಿ? ಕ್ಲಾರಾ ಅಂತೂ ಬೀದಿ ಹೆಂಗಸಿಂದ ಅಂಟಿಸ್ಕೊಂಡ್ ಬಂದ ಅಂತಾಳೆ."

ದೇವರು ಕ್ಷಮಿಸಲಿ, ನನಗೆ ಮೊದಲು ಆದದ್ದು ಸಂತೋಷ. ಬೇರೆ ಹೆಂಗಸಿಲ್ಲ! ಸಿಪ್ಪೆ ಸುಲಿಯುತ್ತಿದ್ದ ಆಲೂಗಡ್ಡೆ ಕೈಯಲ್ಲೇ ಹಿಡಿದು ಒಬ್ಬಳೇ ನಗುತ್ತಾ ನಿಂತೆ.

ಆಮೇಲೆ ಅಮೋಸನ ತುಟಿ ಆಡಿತು. "ನಮ್ಮಣ್ಣಂಗೂ ಇದೇ ಆಗಿತ್ತು, ಎಣ್ಣೆಯಿಂದ. ತೋರಿಸೋ ಹೊತ್ತಿಗೆ ಕೈ ಮೀರಿತ್ತು."

ಮಾರನೆಯ ದಿನ ಇಬ್ಬರ ಕೂಲಿಯೂ ಹೋದರೆ ಹೋಗಲೆಂದು ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರು ನನಗೆ ಹೊರಗಿರಲು ಹೇಳಿದರು. "ಇರ್ಲಿ ಬಿಡಿ ಅವಳು," ಎಂದ ಸೇತ್.

ಅವರು ತೊಡೆಸಂದಿಯನ್ನು ಬಹಳ ಹೊತ್ತು ಒತ್ತಿ ನೋಡಿದರು. "ನೂಲೋರಿಗೆ ಬರೋ ಕ್ಯಾನ್ಸರ್ ಇದು. ಇಲ್ಲಿಗೂ ಹಬ್ಬಿದೆ. ಈಸ್ಟರಲ್ಲೇ ಬಂದಿದ್ರೆ ಒಂದು ಚೂರು ಕೊಯ್ದು ಮನೆಗ್ ಕಳಿಸ್ತಿದ್ದೆ."

ಬೀದಿಗೆ ಬಂದವಳೇ ಅವನ ಮೇಲೆ ಹರಿಹಾಯ್ದೆ. "ನಾನೇನು ಹೊರಗಿನವಳಾ? ನಂಗೊಂದು ಮಾತು ಹೇಳಕ್ಕೆ ಏನಾಗಿತ್ತೋ ನಿಂಗೆ?"

ಅವನು ಸಿಟ್ಟಾಗಲಿಲ್ಲ. "ಹೇಳೋಣಾಂತ ಎರಡು ಸಲ ನಿನ್ ಹತ್ರ ಸರಿದೆ, ಕ್ಲಾರಾ. ಎರಡು ಸಲಾನೂ ನೀನು 'ಥೂ, ಎಣ್ಣೆ ನಾತ, ಆಚೆ ಹೋಗು' ಅಂದೆ."

ಅಂದಿರುತ್ತೇನೆ. ದಿನಾ ಬಾಯಿಗೆ ಬರುತ್ತಿದ್ದ ಮಾತದು, ನೆನಪೂ ಉಳಿದಿಲ್ಲ. ನಡುಬೀದಿಯಲ್ಲೇ ಅವನನ್ನು ಬಾಚಿ ತಬ್ಬಿಕೊಂಡೆ. ನವೆಂಬರಿನಲ್ಲಿ ಅವನು ಹೋದ.